ಹಳೆಯ ಲ್ಯಾಪ್‌ಟಾಪ್‌ನ ಕವಚದೊಳಗೆ ಹೊಸ ತಲೆಮಾರಿನ ಮದರ್‌ಬೋರ್ಡ್ ಕೂರಿಸಬಹುದೇ?

ನಿಮ್ಮ ಹಳೆಯ ಲ್ಯಾಪ್‌ಟಾಪ್‌ನ ಕವಚ, ಕೀಬೋರ್ಡ್, ಪರದೆ ಮೂರೂ ಗಟ್ಟಿಮುಟ್ಟಾಗಿವೆ, ಒಳಗಿನ ಮದರ್‌ಬೋರ್ಡ್, ಅಂದರೆ ಮುಖ್ಯ ಸರ್ಕ್ಯೂಟ್ ಬೋರ್ಡ್ ಮಾತ್ರ ಇಂದಿನ ಕೆಲಸಕ್ಕೆ ಸಾಲುತ್ತಿಲ್ಲ, ಅದರ ಜಾಗದಲ್ಲಿ ಹೊಸದನ್ನು ಕೂರಿಸಬಹುದೇ ಎಂದು ಕೇಳಿದ್ದೀರಿ. ಅದೇ ಸರಣಿಯ ಮುಂದಿನ ತಲೆಮಾರಿನ ಬೋರ್ಡಾದರೆ ಬಹುಮಟ್ಟಿಗೆ ಸಾಧ್ಯ. ಬೇರೆ ಸರಣಿಯದಾದರೆ ಆ ಶ್ರಮದಲ್ಲಿ ಇನ್ನೊಂದು ಲ್ಯಾಪ್‌ಟಾಪನ್ನೇ ದುರಸ್ತಿ ಮಾಡಿಕೊಳ್ಳುವುದು ಲೇಸು. ಡೆಸ್ಕ್‌ಟಾಪ್‌ಗಳಿಗೆ 1995ರಿಂದ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆಯಿದೆ, ತಿರುಪಿನ ರಂಧ್ರಗಳೂ ಹಿಂಬದಿಯ ಪೋರ್ಟ್‌ಗಳ ಜಾಗವೂ ಮೊದಲೇ ಗೊತ್ತಿರುತ್ತವೆ. ಲ್ಯಾಪ್‌ಟಾಪ್‌ಗಳಿಗೆ ಅಂಥದ್ದೊಂದು ಸರ್ವಮಾನ್ಯ ಕಟ್ಟಳೆ ಇಂದಿಗೂ ಇಲ್ಲ.

ನಾನು ಈ ಕೆಲಸ ಮಾಡಿದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್‌ನ ಮೇಲೆ. 2006ರ ಆ ಯಂತ್ರದ 15 ಇಂಚಿನ ಮಾದರಿಯಲ್ಲಿ 1600×1200 ಬಿಂದುಗಳ, 4:3 ಅನುಪಾತದ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ) ಪರದೆ ಸಿಗುತ್ತಿತ್ತು, ನಾನು ಅದನ್ನು ಬಿಡಲೊಲ್ಲದೆ ಇದಕ್ಕೆ ಕೈಹಾಕಿದೆ. ಆದರೆ ಪ್ರೊಸೆಸರನ್ನೂ ಮೆಮೊರಿಯನ್ನೂ ಬೆಸೆಯುವ ಅದರ 945 ಚಿಪ್‌ಸೆಟ್ 4 ಜಿಬಿ ಮೆಮೊರಿ ಹಾಕಿದರೂ ಸುಮಾರು 3 ಜಿಬಿಯನ್ನಷ್ಟೇ ಬಳಕೆಗೆ ಕೊಡುತ್ತದೆ. ಮರುವರ್ಷ ಬಂದ ಟಿ61ರ ಬೋರ್ಡ್ 8 ಜಿಬಿವರೆಗೆ ಒಪ್ಪುತ್ತದೆ. ಟಿ61ರಲ್ಲಿ ಅಗಲ ಪರದೆಯ ಮಾದರಿಗಳೂ ಇದ್ದುದರಿಂದ, 14 ಇಂಚಿನ 4:3 ಮಾದರಿಯ ಬೋರ್ಡನ್ನೇ ಹುಡುಕಬೇಕಾಯಿತು, 15 ಇಂಚಿನ ನನ್ನ ಕವಚಕ್ಕೂ ಹೊಂದುವುದು ಅದೊಂದೇ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಬೋರ್ಡನ್ನು ಆರಿಸಿಕೊಂಡೆ, ಏಕೆಂದರೆ ಆ ಕಾಲದ ಹಲವು ಗ್ರಾಫಿಕ್ಸ್ ಚಿಪ್‌ಗಳು ಪದೇಪದೇ ಕಾದು ತಣಿದು ಒಳಗಿನ ಬೆಸುಗೆ ಬಿರುಕು ಬಿಟ್ಟು ಕೆಡುತ್ತಿದ್ದವು.

ಇಂಥ ಪ್ರಯತ್ನಕ್ಕಿಳಿಯುವವರೆಲ್ಲ ಮೊದಲು ತಿರುಪಿನ ರಂಧ್ರಗಳನ್ನು ಅಳೆಯುತ್ತಾರೆ, ನಾನೂ ಅದನ್ನೇ ಮಾಡಿದ್ದೆ. ನಿಜವಾದ ತೊಡಕು ಇರುವುದು ಕೇಬಲ್‌ಗಳಲ್ಲಿ. ಹಳೆಯ ಪರದೆಗಳು ಎಲ್‌ವಿಡಿಎಸ್ ಎಂಬ ಸಂಕೇತ ಪದ್ಧತಿಯನ್ನೂ ಈಚಿನವು ಇಡಿಪಿಯನ್ನೂ ಬಳಸುತ್ತವೆ. ಇವೆರಡರ ನಡುವೆ ಬರಿಯ ಕೇಬಲ್ ಬದಲಾಯಿಸಿದರೆ ಸಾಲದು, ಸಂಕೇತವನ್ನು ಮಾರ್ಪಡಿಸುವ ಸರ್ಕ್ಯೂಟ್ ಬೇಕು. ಪದ್ಧತಿ ಒಂದೇ ಆಗಿದ್ದರೂ ಪಿನ್‌ಗಳ ಅನುಕ್ರಮ ಬೇರೆಯಾಗಿರಬಹುದು. ಕೀಬೋರ್ಡ್‌ನ ವಿಷಯ ಇನ್ನೂ ಸೂಕ್ಷ್ಮ: ಪ್ರತಿ ಕೀಲಿಯೂ ಒಂದು ಅಡ್ಡಗೆರೆ ಮತ್ತು ಒಂದು ಉದ್ದಗೆರೆ ಸಂಧಿಸುವ ಬಿಂದುವಷ್ಟೇ, ಯಾವ ಬಿಂದು ಯಾವ ಕೀಲಿಯೆಂಬ ಪಟ್ಟಿ ಇರುವುದು ಬೋರ್ಡ್‌ನಲ್ಲಿರುವ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಅದರೊಳಗೇ ಇರುವ ತಂತ್ರಾಂಶದಲ್ಲಿ. 2011ರ ಥಿಂಕ್‌ಪ್ಯಾಡ್ ಎಕ್ಸ್220ರ ಕೀಬೋರ್ಡನ್ನು ಮರುವರ್ಷದ ಎಕ್ಸ್230ಕ್ಕೆ ಜೋಡಿಸುವವರು ಕನೆಕ್ಟರ್ ಒಂದೇ ಎಂದು ಸಂತೋಷಪಟ್ಟರೂ, ಕೆಲವು ಕೀಲಿಗಳು ಸರಿಯಾಗಿ ಕೆಲಸ ಮಾಡಬೇಕಾದರೆ ಆ ಫರ್ಮ್‌ವೇರನ್ನು ತಿದ್ದಲೇಬೇಕು. ಬ್ಯಾಟರಿಯೊಡನೆ ಮಾತಾಡುವುದೂ ಅದೇ ಕಂಟ್ರೋಲರ್. 10.8 ವೋಲ್ಟ್‌ನ ಬ್ಯಾಟರಿಗೂ 14.4 ವೋಲ್ಟ್‌ನ ಬ್ಯಾಟರಿಗೂ ಪ್ಲಗ್ ಒಂದೇ ತೆರನಾಗಿದ್ದ ಮಾತ್ರಕ್ಕೆ ಅದಲುಬದಲು ಮಾಡಬೇಡಿ.

ಅಳತೆಗೆ ನನಗೆ ಒಗ್ಗಿದ ಸುಲಭ ವಿಧಾನ ಹೇಳುತ್ತೇನೆ. ಹಳೆಯ ಬೋರ್ಡನ್ನೂ ಹೊಸದನ್ನೂ ಸ್ಕ್ಯಾನರ್‌ನ ಗಾಜಿನ ಮೇಲೆ ಮೆಲ್ಲಗೆ ಮಲಗಿಸಿ ಒಂದೇ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಅರೆಪಾರದರ್ಶಕವಾಗಿ ಇಟ್ಟು ನೋಡಿದರೆ, ರಂಧ್ರಗಳೂ ಪೋರ್ಟ್‌ಗಳೂ ಎಲ್ಲೆಲ್ಲಿ ಜಾರಿವೆ ಎಂಬುದು ಸ್ಪಷ್ಟವಾಗುತ್ತದೆ. ಎತ್ತರ ಮಾತ್ರ ಚಿತ್ರದಲ್ಲಿ ಕಾಣದು, ಅದಕ್ಕೆ ಕ್ಯಾಲಿಪರ್ ಎಂಬ ಅಳತೆಯ ಸಾಧನ ಬೇಕು. ಹೀಟ್‌ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ಭಾಗ) ಮತ್ತು ಫ್ಯಾನನ್ನು ಹೊಸ ಬೋರ್ಡ್‌ನ ಜೊತೆಯಲ್ಲೇ ಕೊಳ್ಳಿರಿ. ಹಳೆಯದು ಚಿಪ್‌ನ ಮೇಲೆ ಅರ್ಧ ಮಿಲಿಮೀಟರ್ ಎತ್ತರದಲ್ಲಿ ನಿಂತರೂ ಶಾಖ ಸಾಗುವುದಿಲ್ಲ, ಫ್ಯಾನಿನ ವೇಗದ ಸಂಕೇತ ಬಾರದಿದ್ದರೆ ಕೆಲವು ಯಂತ್ರಗಳು ಫ್ಯಾನ್ ದೋಷವೆಂದು ಹೇಳಿ ಅಲ್ಲಿಯೇ ನಿಂತುಬಿಡುತ್ತವೆ.

ಕವಚದ ಚೌಕಟ್ಟನ್ನು ಎಲ್ಲಾದರೂ ಕತ್ತರಿಸಬೇಕಾಗಿ ಬಂದರೆ, ಅದು ಯಾವ ಲೋಹವೆಂದು ಮೊದಲು ತಿಳಿದುಕೊಳ್ಳಿ. ಅನೇಕ ಗಟ್ಟಿ ಲ್ಯಾಪ್‌ಟಾಪ್‌ಗಳ ಚೌಕಟ್ಟು ಮೆಗ್ನೀಸಿಯಂ ಮಿಶ್ರಲೋಹದ್ದು. ಅದರ ನುಣ್ಣನೆಯ ಪುಡಿ ಬೆಂಕಿ ಹಿಡಿಯುತ್ತದೆ, ಹೊತ್ತಿಕೊಂಡ ಮೇಲೆ ನೀರು ಸುರಿದರೆ ಇನ್ನೂ ಭುಗಿಲೇಳುತ್ತದೆ. ಆದ್ದರಿಂದ ಯಂತ್ರದ ಚಕ್ರವನ್ನು ಬಿಟ್ಟು ಕೈ ಅರದಿಂದ ನಿಧಾನವಾಗಿ ಉಜ್ಜಿ, ಪುಡಿಯನ್ನು ಆಗಾಗ ತೆಗೆಯುತ್ತಿರಿ; ಬೋರ್ಡ್ ಆ ಮೇಜಿನ ಹತ್ತಿರವೂ ಇರಬಾರದು. ಹೊಸ ಬೋರ್ಡ್‌ನಲ್ಲಿ ರಂಧ್ರವಿಲ್ಲದ ಕಡೆ ಹಳೆಯ ಕವಚದ ಲೋಹದ ಗೂಟ ಉಳಿದಿದ್ದರೆ ಅದನ್ನು ತೆಗೆಯಲೇಬೇಕು, ಮೇಲೆ ಕ್ಯಾಪ್ಟಾನ್ ಎಂಬ ವಿದ್ಯುತ್ ನಿರೋಧಕ ಟೇಪ್ ಅಂಟಿಸಿ ಸುಮ್ಮನಾಗುವುದು ಸಲ್ಲದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆತುರದಲ್ಲಿ ಪರದೆಯ ಕೇಬಲನ್ನು ಕೊಂಚ ಓರೆಯಾಗಿ ತೂರಿಸಿ ಯಂತ್ರಕ್ಕೆ ಜೀವ ಕೊಟ್ಟೆ. ಚಿತ್ರ ಮೂಡಿತು, ಹಿಂಬೆಳಕು ಮಾತ್ರ ಬರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಬೋರ್ಡ್‌ನಲ್ಲಿದ್ದ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಫ್ಯೂಸ್ ಸುಟ್ಟಿತ್ತು. ಅದನ್ನು ಮಲ್ಟಿಮೀಟರ್‌ನಲ್ಲಿ ಹುಡುಕಿ ಬದಲಾಯಿಸಲು ಹಿಡಿದ ಸಮಯ, ಬೋರ್ಡನ್ನು ಕೂರಿಸಲು ಹಿಡಿದದ್ದಕ್ಕಿಂತ ಹೆಚ್ಚು. ಅಂದಿನಿಂದ ಬೋರ್ಡನ್ನು ಕವಚದೊಳಗೆ ಇಡುವ ಮೊದಲು, ಮೇಜಿನ ಮೇಲೆಯೇ ಹೀಟ್‌ಸಿಂಕ್, ಒಂದು ಮೆಮೊರಿ, ಹೊರಗಿನ ಮಾನಿಟರ್ ಇಷ್ಟನ್ನೇ ಜೋಡಿಸಿ ನೋಡಿ, ಆಮೇಲೆ ಒಂದೊಂದೇ ಕೇಬಲ್ ಸೇರಿಸುತ್ತೇನೆ, ಪ್ರತಿ ಸಲವೂ ಅಡಾಪ್ಟರನ್ನೂ ಬ್ಯಾಟರಿಯನ್ನೂ ಕಳಚಿ.

ಇಷ್ಟು ರಗಳೆ ಬೇಡವೆಂದರೆ, 2021ರಿಂದ ಬರುತ್ತಿರುವ 13 ಇಂಚಿನ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಕವಚಕ್ಕೆ ಹೊಸ ಬೋರ್ಡ್ ಕೂರುವಂತೆ ತಯಾರಕರೇ ವಿನ್ಯಾಸ ಮಾಡಿದ್ದಾರೆ. ಅಲ್ಲೂ ಮೊದಲ ಬೋರ್ಡ್‌ಗಳ ಡಿಡಿಆರ್4 ಮೆಮೊರಿ 2023ರ ಎಎಮ್‌ಡಿ ಬೋರ್ಡ್‌ಗೆ ಆಗದು, ಡಿಡಿಆರ್5 ಬೇಕು. ನಿಮ್ಮ ಹಳೆಯ ಕವಚವೇ ಬೇಕೆಂದಾದರೆ, ಬೋರ್ಡ್ ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆಯನ್ನೂ ಪರದೆಯ ಹಿಂಬದಿಯ ಚೀಟಿಯಲ್ಲಿರುವ ಸಂಖ್ಯೆಯನ್ನೂ ಇಲ್ಲಿ ಬರೆಯಿರಿ. ಅವೆರಡು ಸಿಕ್ಕರೆ ಪರದೆಯ ಕೇಬಲ್ ಹೊಂದುತ್ತದೆಯೋ ಇಲ್ಲವೋ ಹೇಳಬಹುದು.