ಕೀನ್ಯಾ ಪರ್ವತದ ಹೆಸರಿನ ಮೂಲ ಮತ್ತು ಅರ್ಥವೇನು?

ದೇಶದ ಹೆಸರೇ ಪರ್ವತಕ್ಕೂ ಬಂದಿರಬೇಕೆಂದು ಹಲವರು ಭಾವಿಸುತ್ತಾರೆ. ನಡೆದದ್ದು ಅದರ ವಿರುದ್ಧ: ಬ್ರಿಟಿಷರು 1920ರಲ್ಲಿ ತಮ್ಮ ವಸಾಹತಿಗೆ ಪರ್ವತದ ಹೆಸರಿಟ್ಟರು.

1849ರ ಡಿಸೆಂಬರ್‌ನಲ್ಲಿ ಜರ್ಮನ್ ಮಿಷನರಿ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಕಿಟುಯಿ ಪ್ರದೇಶದಿಂದ ಈ ಹಿಮಶಿಖರಗಳನ್ನು ಕಂಡು, ಅಲ್ಲಿನ ಕಾಂಬಾ ಜನರ ಬಾಯಲ್ಲಿ ಕೇಳಿದ ಹೆಸರನ್ನು ‘ಕೆನಿಯಾ’ ಎಂದು ಬರೆದುಕೊಂಡ. ಕಾಂಬಾ ಭಾಷೆಯ ‘ಕೀನ್ಯಾ’, ತಪ್ಪಲಿನ ಕಿಕುಯು ಜನರ ‘ಕೆರೆನ್ಯಾಗ’ ಎರಡೂ ಒಂದೇ ಪದ. ಕಾಂಬಾ ಉಚ್ಚಾರಣೆಯಲ್ಲಿ ‘ರ’ಕಾರ, ‘ಗ’ಕಾರಗಳು ಉದುರಿವೆ, ಅಷ್ಟೇ. (ಇದರಲ್ಲಿ ನಮ್ಮ ‘ಕೆರೆ’ಯನ್ನು ಹುಡುಕಲು ಹೋಗಬೇಡಿ!)

ಅರ್ಥಕ್ಕೆ ಬಂದರೆ, ಕಿಕುಯುವಿನಲ್ಲಿ ‘ನ್ಯಾಗ’ ಎಂದರೆ ಉಷ್ಟ್ರಪಕ್ಷಿ. ಗಂಡು ಉಷ್ಟ್ರಪಕ್ಷಿಯ ಮೈ ಕಪ್ಪು, ರೆಕ್ಕೆಯಂಚು ಮತ್ತು ಬಾಲ ಬಿಳುಪು. ಶಿಖರದಲ್ಲೂ ಕರಿಬಂಡೆಯ ನಡುವೆ ಬಿಳಿ ಹಿಮ. ಹಾಗಾಗಿ ಉಷ್ಟ್ರಪಕ್ಷಿಯನ್ನು ಹೋಲುವ ಬೆಟ್ಟ ಎಂಬುದು ಒಂದು ವಿವರಣೆ. ‘ಬೆಳಗುವ ಬೆಟ್ಟ’ ಎಂಬ ಇನ್ನೊಂದು ವಿವರಣೆಯೂ ಇದೆ. ಅಲ್ಲಿ ನ್ಗಾಯ್ ದೇವರು ನೆಲೆಸಿದ್ದಾನೆಂಬ ಕಿಕುಯು ನಂಬಿಕೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೂ ನನ್ನ ಒಲವು ಹಕ್ಕಿಯ ಕಡೆಗೇ. ಏಕೆಂದರೆ ಬೇರೆಯೇ ಭಾಷಾಕುಟುಂಬಕ್ಕೆ ಸೇರಿದ ಮಸಾಯಿ ಜನರೂ ಇದನ್ನು ‘ಓಲ್ ದೋನ್ಯೊ ಕೇರಿ’, ಅಂದರೆ ಪಟ್ಟೆಪಟ್ಟೆಯ ಬೆಟ್ಟ, ಎನ್ನುತ್ತಾರೆ.