ಟಾಮ್ ಮೆಕಾಲ್: ರಿಪಬ್ಲಿಕನ್ ಗವರ್ನರ್ ಒಬ್ಬರು ಇಷ್ಟೊಂದು ಪರಿಸರ ಕಾನೂನು ಮಾಡಿಸಿದ್ದು ಹೇಗೆ?

ಅಮೆರಿಕದ ಆರೆಗನ್ ರಾಜ್ಯದ ಟಾಮ್ ಮೆಕಾಲ್ ಯಾರು, ರಿಪಬ್ಲಿಕನ್ ಪಕ್ಷದಲ್ಲಿದ್ದುಕೊಂಡು ಕಡಲತೀರ, ಬಾಟಲಿ, ಜಮೀನು ಅಂತ ಒಂದರ ಮೇಲೊಂದು ಕಾನೂನು ಹೇಗೆ ಮಾಡಿಸಿದರು, ಅವರನ್ನು ಮಧ್ಯಮಮಾರ್ಗಿ ಅನ್ನುವುದು ಸರಿಯೇ ಎಂದು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಗೊಂದಲ ತೆಗೆದುಬಿಡುತ್ತೇನೆ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ಮೇಲಿನಿಂದ ನೇಮಕವಾದವರಲ್ಲ. ಜನ ನೇರವಾಗಿ ಆರಿಸುತ್ತಾರೆ. ಅಧಿಕಾರದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ಆದರೆ ಶಾಸಕಾಂಗದ ಒಳಗೆ ಕೂರುವುದಿಲ್ಲ. ಹಾಗಾಗಿ ಸ್ವಂತ ಪಕ್ಷದ ಶಾಸಕರೇ ಗವರ್ನರ್ ಬೆಂಬಲಿಸಿದ ಮಸೂದೆಯನ್ನು ಸಮಿತಿಯಲ್ಲಿ ಕೊಳೆಹಾಕಬಹುದು. ಮೆಕಾಲ್ ಕಥೆಯ ಅರ್ಧ ಭಾಗ ಇದೇ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಅವರ ಹೆಸರಿಗೆ ಅಂಟಿಕೊಂಡಿರುವ ದೊಡ್ಡ ಕಾನೂನುಗಳಲ್ಲಿ ಒಂದನ್ನೂ ಅವರು ಬರೆದಿಲ್ಲ. ಬೇರೆಯವರು ಬರೆದು, ನಡುದಾರಿಯಲ್ಲಿ ಸಿಕ್ಕಿಬಿದ್ದ ಮಸೂದೆಗಳನ್ನು ಜನರ ಒತ್ತಡ ತಂದು ಎಳೆದು ದಡ ಸೇರಿಸುವುದು ಅವರ ಕಸುಬು. ತಮ್ಮದೇ ಅಂತ ಒಂದು ದೊಡ್ಡ ಯೋಜನೆ ಮುಂದಿಟ್ಟಾಗ ಸೋತರು.

ಹುಟ್ಟಿದ್ದು 1913ರ ಮಾರ್ಚ್ 22, ಮ್ಯಾಸಚೂಸೆಟ್ಸ್‌ನ ಸಿಚುಯೇಟ್‌ನಲ್ಲಿ. ತಂದೆಯ ತಂದೆ ಸ್ಯಾಮ್ಯುಯೆಲ್ ಮೆಕಾಲ್ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದವರು. ತಾಯಿಯ ತಂದೆ ಥಾಮಸ್ ಲಾಸನ್ ತಾಮ್ರದ ಷೇರು ವ್ಯವಹಾರದಲ್ಲಿ ಕೋಟಿ ಗಳಿಸಿ ಕಳೆದವರು. ಬೆಳೆದದ್ದರಲ್ಲಿ ಒಂದು ಪಾಲು ಆರೆಗನ್‌ನ ಪ್ರೈನ್‌ವಿಲ್ ಬಳಿ, ಕ್ರುಕೆಡ್ ನದಿಯ ದಂಡೆಯ ರ‍್ಯಾಂಚ್‌ನಲ್ಲಿ. 1936ರಲ್ಲಿ ಆರೆಗನ್ ವಿಶ್ವವಿದ್ಯಾಲಯದಿಂದ ಪತ್ರಿಕೋದ್ಯಮದ ಪದವಿ, ಆಮೇಲೆ ಪತ್ರಿಕೆ, ರೇಡಿಯೊ, ಯುದ್ಧಕಾಲದಲ್ಲಿ ನೌಕಾಪಡೆ, ಗವರ್ನರ್ ಡಗ್ಲಸ್ ಮೆಕೇ ಕಚೇರಿಯಲ್ಲಿ ಸಹಾಯಕನ ಕೆಲಸ. 1954ರಲ್ಲಿ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ ನಿಂತು ಡೆಮಾಕ್ರಟ್ ಈಡಿತ್ ಗ್ರೀನ್ ಎದುರು ಸೋತರು. ಸೋತವರು ಟಿವಿಗೆ ಹೋದರು. ಆರಡಿ ಐದಿಂಚಿನ ಆಳು, ಪೂರ್ವತೀರದ ರಾಗದ ದನಿ. ಒಮ್ಮೆ ಪರದೆಯ ಮೇಲೆ ಕಂಡರೆ ಮರೆಯುವ ಹಾಗಿರಲಿಲ್ಲ.

1962ರ ನವೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡಿನ ಕೆಜಿಡಬ್ಲ್ಯೂ ವಾಹಿನಿ ಅವರು ನಡೆಸಿಕೊಟ್ಟ 'ಪೊಲ್ಯೂಷನ್ ಇನ್ ಪ್ಯಾರಡೈಸ್' ಎಂಬ ಸಾಕ್ಷ್ಯಚಿತ್ರ ಬಿತ್ತರಿಸಿತು. ವಿಲಾಮೆಟ್ ನದಿಗೆ ಕಾಗದದ ಗಿರಣಿಗಳೂ ಊರಿನ ಚರಂಡಿಗಳೂ ಏನು ಸುರಿಯುತ್ತಿವೆ ಎಂದು ತೋರಿಸಿದ್ದು ಅದು. 1964ರಲ್ಲಿ ಅವರು ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದರು. ಆರೆಗನ್‌ನಲ್ಲಿ ಉಪಗವರ್ನರ್ ಹುದ್ದೆ ಇಲ್ಲ, ಗವರ್ನರ್ ನಂತರದ ಕುರ್ಚಿ ಇದೇ. 1966ರಲ್ಲಿ ಡೆಮಾಕ್ರಟ್ ರಾಬರ್ಟ್ ಸ್ಟ್ರಾಬ್ ಅವರನ್ನು ಸೋಲಿಸಿ ಗವರ್ನರ್ ಆದರು, 1970ರಲ್ಲಿ ಅದೇ ಸ್ಟ್ರಾಬ್ ಎದುರು ಮತ್ತೆ ಗೆದ್ದರು. ಸತತ ಎರಡೇ ಅವಧಿ ಎಂಬ ಮಿತಿಯಿಂದಾಗಿ 1975ರ ಜನವರಿಯಲ್ಲಿ ಕೆಳಗಿಳಿದರು.

ಅವರ ಕೆಲಸದ ರೀತಿ ತಿಳಿಯಬೇಕಾದರೆ 1967ರ ಕಡಲತೀರದ ಜಗಳವನ್ನು ನೋಡಬೇಕು. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಜಾಣತನ ಮಾಡಿ, ಇಡೀ ಆರೆಗನ್ ತೀರದ ಒದ್ದೆ ಮರಳನ್ನು, ಅಂದರೆ ಭರತ ಇಳಿತಗಳ ನಡುವಿನ ಪಟ್ಟಿಯನ್ನು, ಸಾರ್ವಜನಿಕ ಹೆದ್ದಾರಿ ಎಂದು ಕಾನೂನು ಮಾಡಿಸಿದ್ದರು. ಒಣ ಮರಳಿನ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಜನ ಸುಮ್ಮನೆ ಬಳಸುತ್ತಿದ್ದರು. 1966ರ ಬೇಸಿಗೆಯಲ್ಲಿ ಕ್ಯಾನನ್ ಬೀಚ್‌ನ ಒಂದು ಮೋಟೆಲ್ ತನ್ನ ಮುಂದಿನ ಒಣ ಮರಳಿಗೆ ಬೇಲಿ ಹಾಕಿ, ಇದು ನಮ್ಮ ಅತಿಥಿಗಳಿಗೆ ಮಾತ್ರ ಎಂದಿತು. ಕಾಗದಪತ್ರ ತೆಗೆದು ನೋಡಿದರೆ ಮೋಟೆಲಿನವರ ಮಾತಿನಲ್ಲಿ ಹುರುಳಿತ್ತು.

ಮರುವರ್ಷ ಒಣ ಮರಳಿನ ಮೇಲೂ ಜನರ ಹಕ್ಕನ್ನು ಕಾಯುವ 1601ನೇ ಸಂಖ್ಯೆಯ ಮಸೂದೆ ಕೆಳಮನೆಗೆ ಬಂದು ಸಮಿತಿಯಲ್ಲಿ ಕೂತಿತು. ಆಗ ಆರೆಗನ್ ಶಾಸಕಾಂಗ ಎರಡು ವರ್ಷಕ್ಕೊಮ್ಮೆ, ಬೆಸಸಂಖ್ಯೆಯ ವರ್ಷದಲ್ಲಿ ಸೇರುತ್ತಿತ್ತು. ಈ ಅಧಿವೇಶನದಲ್ಲಿ ಬಿದ್ದರೆ 1969ರ ತನಕ ಕಾಯಬೇಕು, ಅಷ್ಟರಲ್ಲಿ ಬೇಲಿಗಳು ಏಳುತ್ತವೆ. ಮೆಕಾಲ್ ಸಮಿತಿಗೆ ಪತ್ರ ಬರೆದು ಅದನ್ನು ಪತ್ರಿಕೆಗಳಿಗೂ ಕೊಟ್ಟರು, ಶಾಸಕರಿಗೆ ಜನರಿಂದ ಪತ್ರಗಳು ಬಂದು ಬೀಳತೊಡಗಿದವು. ಇನ್ನು ಉಳಿದದ್ದು ಗೆರೆ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ. ಸಮುದ್ರಮಟ್ಟದಿಂದ ಇಷ್ಟು ಅಡಿ ಎಂದು ಕಾಗದದ ಮೇಲೆ ಬರೆದರೆ ಓದುವವನಿಗೆ ಅದು ಮರಳಿನಲ್ಲಿ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುವುದಿಲ್ಲ. ಮೇ 13ರಂದು ಮೆಕಾಲ್ ಸರ್ವೆಯವರನ್ನೂ ವಿಜ್ಞಾನಿಗಳನ್ನೂ ಕರೆದುಕೊಂಡು ಹೆಲಿಕಾಪ್ಟರ್‌ನಲ್ಲಿ ತೀರಕ್ಕೆ ಇಳಿದರು, ಕ್ಯಾಮೆರಾಗಳ ಮುಂದೆ ಅಳತೆ ಮಾಡಿಸಿ ಯಾವ ಎತ್ತರದ ಗೆರೆ ಎಲ್ಲಿ ಬರುತ್ತದೆ ಅಂತ ನಿಂತು ತೋರಿಸಿದರು. ಕೊನೆಗೆ ಕಾನೂನಿಗೆ ಸೇರಿದ್ದು 16 ಅಡಿ ಎತ್ತರದ ಗೆರೆ, ಹೆಚ್ಚುಕಡಿಮೆ ಗಿಡಗಂಟಿ ಶುರುವಾಗುವ ಜಾಗ. ಸಹಿ ಬಿದ್ದದ್ದು ಜುಲೈ 6, 1967.

ಇಲ್ಲಿ ಬಹಳ ಜನ ತಪ್ಪು ತಿಳಿಯುವುದೊಂದಿದೆ. ಈ ಕಾನೂನು ಒಣ ಮರಳನ್ನು ಸರ್ಕಾರದ ಆಸ್ತಿ ಮಾಡಲಿಲ್ಲ. ಪತ್ರ ಖಾಸಗಿಯವರ ಹೆಸರಿನಲ್ಲೇ ಇರಬಹುದು. ಓಡಾಡುವ, ಕೂರುವ ಹಕ್ಕು ಮಾತ್ರ ಜನರದು, ಮಾಲೀಕ ಬೇಲಿ ಹಾಕುವಂತಿಲ್ಲ. 1969ರಲ್ಲಿ ಆರೆಗನ್ ಸುಪ್ರೀಂ ಕೋರ್ಟ್ ಕ್ಯಾನನ್ ಬೀಚ್‌ನದೇ ಒಂದು ದಾವೆಯಲ್ಲಿ ಇದನ್ನು ಎತ್ತಿಹಿಡಿಯಿತು. ಆಧಾರವಾಗಿ ತೆಗೆದುಕೊಂಡದ್ದು ಇಂಗ್ಲೆಂಡಿನ ಹಳೆಯ ರೂಢಿಯ ಹಕ್ಕು: ನೆನಪಿಗೆ ಎಟುಕದಷ್ಟು ಕಾಲದಿಂದ, ತಡೆಯಿಲ್ಲದೆ, ತಕರಾರಿಲ್ಲದೆ ಜನ ಬಳಸಿಕೊಂಡು ಬಂದಿದ್ದರೆ ಆ ಬಳಕೆಯೇ ಹಕ್ಕು.

ಬಾಟಲಿ ಕಾನೂನಿನ ಬಗ್ಗೆ ಈಗಲೂ ಕೇಳುವವರು ಹೆಚ್ಚು, ಹಾಗಾಗಿ ಅದು ನಡೆಯುವ ಬಗೆ ಹೇಳುತ್ತೇನೆ. ಇದರ ಹಿಂದೆ ಇದ್ದವರು ಶಾಸಕರೂ ಅಲ್ಲ. ತೀರದಲ್ಲಿ ನಡೆದಾಡುವಾಗ ಖಾಲಿ ಡಬ್ಬ, ಬಾಟಲಿ ನೋಡಿ ಬೇಸತ್ತ ರಿಚರ್ಡ್ ಚೇಂಬರ್ಸ್ ಎಂಬ ನಾಗರಿಕ. 1969ರಲ್ಲಿ ಮಸೂದೆ ಬಿತ್ತು. 1971ರಲ್ಲಿ ಮೆಕಾಲ್ ಪೂರ್ತಿ ಬೆನ್ನಿಗೆ ನಿಂತರು, ಜುಲೈ 2ರಂದು ಸಹಿ ಹಾಕಿದರು, 1972ರ ಅಕ್ಟೋಬರ್ 1ರಿಂದ ಜಾರಿ. ಈ ಬಗೆಯ ಕಾನೂನು ಅಮೆರಿಕದಲ್ಲಿ ಮೊದಲನೆಯದು.

ಬಿಯರ್ ಮತ್ತು ಗ್ಯಾಸ್ ಇರುವ ತಂಪುಪಾನೀಯದ ಡಬ್ಬ ಬಾಟಲಿಗೆ ಆಗ 5 ಸೆಂಟ್ ಡೆಪಾಸಿಟ್ ಇತ್ತು. ವಿತರಕ ಅಂಗಡಿಯವನಿಂದ ಆ ಡೆಪಾಸಿಟ್ ತೆಗೆದುಕೊಳ್ಳುತ್ತಾನೆ, ಅಂಗಡಿಯವನು ಗಿರಾಕಿಯಿಂದ. ಖಾಲಿ ಬಾಟಲಿ ವಾಪಸ್ ಬಂದಾಗ ಅದೇ ಹಣ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಸರ್ಕಾರದ ಖಜಾನೆ ಮಧ್ಯೆ ಬರುವುದೇ ಇಲ್ಲ. ಯಾರೂ ವಾಪಸ್ ತರದ ಬಾಟಲಿಯ ಹಣ ವಿತರಕರ ಕೈಯಲ್ಲೇ ಉಳಿಯುತ್ತದೆ. ಒಂದಕ್ಕಿಂತ ಹೆಚ್ಚು ತಯಾರಕರು ತೊಳೆದು ಮತ್ತೆ ತುಂಬಬಲ್ಲ ಬಾಟಲಿಗೆ ಆಗ 2 ಸೆಂಟ್ ಮಾತ್ರ ಇತ್ತು. ಮರುಬಳಕೆಯ ಬಾಟಲಿಯತ್ತ ತಯಾರಕರನ್ನು ಒಲಿಸಲು ಇಟ್ಟ ಕೊಕ್ಕೆ ಅದು. ಡಬ್ಬದಿಂದ ಪೂರ್ತಿ ಕಿತ್ತುಬರುವ ಲೋಹದ ಉಂಗುರವನ್ನೂ ನಿಷೇಧಿಸಿದರು, ಅದು ಮರಳಲ್ಲಿ ಕಾಲು ಕೊಯ್ಯುತ್ತಿತ್ತು. ಡಬ್ಬ ತಯಾರಕರು ಕೋರ್ಟಿಗೆ ಹೋಗಿ 1973ರಲ್ಲಿ ಸೋತರು.

ತಪ್ಪಿದ್ದು ಎಲ್ಲಿ ಅಂದರೆ, ಡೆಪಾಸಿಟ್ ಮೊತ್ತವನ್ನು ಬೆಲೆಯೇರಿಕೆಗೆ ಕಟ್ಟಿಹಾಕಲಿಲ್ಲ. 1972ರಲ್ಲಿ 5 ಸೆಂಟ್‌ಗೆ ಬಗ್ಗಿ ಎತ್ತಿಕೊಳ್ಳುವಷ್ಟು ಬೆಲೆ ಇತ್ತು. ನಲವತ್ತು ವರ್ಷದ ನಂತರ ಅದೇ 5 ಸೆಂಟ್‌ಗೆ ಜನ ಬಗ್ಗಲಿಲ್ಲ, ವಾಪಸಾತಿ ಇಳಿಯುತ್ತಾ ಹೋಯಿತು. 2011ರಲ್ಲಿ ಶಾಸಕಾಂಗ ಒಂದು ಕೀಲಿ ಇಟ್ಟಿತು: ವಾಪಸಾತಿ ಸತತ ಎರಡು ವರ್ಷ ಶೇಕಡಾ 80ಕ್ಕಿಂತ ಕೆಳಗಿದ್ದರೆ ಡೆಪಾಸಿಟ್ ತಾನಾಗಿ 10 ಸೆಂಟ್ ಆಗಬೇಕು. 2017ರ ಏಪ್ರಿಲ್ 1ರಂದು ಹಾಗೆಯೇ ಆಯಿತು. ಬೇರೆ ಕಡೆ ಇಂಥ ಯೋಜನೆ ನಕಲು ಮಾಡುವವರು ನೋಡಬೇಕಾದ್ದು ಈ ಕೀಲಿಯನ್ನು. ಮೊತ್ತ ಏರಿಸುವ ದಾರಿ ಮೊದಲ ದಿನವೇ ಕಾನೂನಿನಲ್ಲಿ ಇಲ್ಲದಿದ್ದರೆ ಡೆಪಾಸಿಟ್ ತಾನೇ ಸವೆದುಹೋಗುತ್ತದೆ.

ಮೆಕಾಲ್ ಜನಪ್ರಿಯತೆಗೆ ಅಷ್ಟು ತಲೆಕೆಡಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಆರೆಗನ್‌ನಲ್ಲಿ 1902ರಿಂದ ಜನರೇ ಸಹಿ ಸಂಗ್ರಹಿಸಿ ಯಾವ ಕಾನೂನನ್ನಾದರೂ ಮತಕ್ಕೆ ಹಾಕಬಹುದು. ಶಾಸಕಾಂಗದಲ್ಲಿ ಗೆದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಬೀದಿಯಲ್ಲಿಯೂ ಗೆಲ್ಲಬೇಕು. ಹೀಗಾಗಿ ಟಿವಿಯವರಾಗಿದ್ದದ್ದು ಬರೀ ಶೋಕಿಯಲ್ಲ, ಬಂಡವಾಳ. 1971ರಲ್ಲಿ ರಾಷ್ಟ್ರೀಯ ಟಿವಿಯಲ್ಲಿ, ಬಂದು ನೋಡಿಕೊಂಡು ಹೋಗಿ, ನೆಲೆಸಲು ಮಾತ್ರ ಬರಬೇಡಿ ಎಂಬರ್ಥದ ಮಾತು ಹೇಳಿದ್ದು ಇಂದಿಗೂ ಅವರ ಗುರುತು. ಪಕ್ಷದೊಳಗೂ ಬಾಯಿ ಕಟ್ಟಿರಲಿಲ್ಲ: 1970ರ ಡಿಸೆಂಬರ್‌ನಲ್ಲಿ ರಿಪಬ್ಲಿಕನ್ ಗವರ್ನರುಗಳ ಸಭೆಯಲ್ಲಿ ತಮ್ಮದೇ ಪಕ್ಷದವರಾದ ಅಮೆರಿಕದ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಮಾಡಿದ ಭಾಷಣವನ್ನು ಪತ್ರಕರ್ತರ ಮುಂದೆಯೇ ಜರೆದರು.

ಅದೇ ವರ್ಷ, ಚುನಾವಣೆಗೆ ಎರಡೇ ತಿಂಗಳಿರುವಾಗ, ಪೋರ್ಟ್‌ಲ್ಯಾಂಡಿನಲ್ಲಿ ಮಾಜಿ ಸೈನಿಕರ ಸಂಘದ ಸಮಾವೇಶವೂ ಯುದ್ಧವಿರೋಧಿ ಯುವಜನರ ಜಮಾವಣೆಯೂ ಒಟ್ಟಿಗೆ ಬೀಳುವುದಿತ್ತು. ಎರಡೂ ಗುಂಪು ಕಾದಾಡದಿರಲಿ ಎಂದು ಮೆಕಾಲ್ ಎಸ್ಟಕಾಡಾ ಬಳಿಯ ಸರ್ಕಾರಿ ಪಾರ್ಕಿನಲ್ಲಿ 'ವೋರ್ಟೆಕ್ಸ್ 1' ಎಂಬ ರಾಕ್ ಸಂಗೀತೋತ್ಸವಕ್ಕೆ ಅನುಮತಿ ಕೊಟ್ಟರು. ಹತ್ತಾರು ಸಾವಿರ ಹುಡುಗರು ಅಲ್ಲಿಗೆ ಹೋದರು, ಗಾಂಜಾ ಸೇದಿದರೂ ಪೊಲೀಸರು ನೋಡದವರಂತೆ ಇದ್ದರು, ಊರಿನಲ್ಲಿ ಗಲಭೆ ಆಗಲಿಲ್ಲ. ರಾಜ್ಯ ಸರ್ಕಾರವೇ ನಿಂತು ನಡೆಸಿಕೊಟ್ಟ ರಾಕ್ ಉತ್ಸವ! ಎಡವಿದ್ದರೆ ಮನೆಗೆ ಹೋಗುತ್ತಿದ್ದರು. ನವೆಂಬರ್‌ನಲ್ಲಿ ಗೆದ್ದರು.

ಇನ್ನು ಜಮೀನಿನ ಕಾನೂನು. 1969ರಲ್ಲೇ ಒಂದು ಪ್ರಯತ್ನ ಆಗಿತ್ತು: ಎಲ್ಲ ನಗರಗಳೂ, ಕೌಂಟಿಗಳೂ (ನಮ್ಮ ಜಿಲ್ಲೆಗಳ ಹಾಗೆ) ತಮ್ಮ ನೆಲಬಳಕೆಯ ಯೋಜನೆ ಮಾಡಬೇಕು ಎಂಬ ಆದೇಶ. ಹಣ ಕೊಡಲಿಲ್ಲ, ಮಾಡದಿದ್ದರೆ ಏನು ಎನ್ನುವುದಕ್ಕೆ ಹಲ್ಲಿರಲಿಲ್ಲ, ಬಹಳ ಕಡೆ ಅದು ಹಾಗೇ ಉಳಿಯಿತು. ಆಗ ಮುಂದೆ ಬಂದವರು ಹೆಕ್ಟರ್ ಮ್ಯಾಕ್‌ಫರ್ಸನ್, ಲಿನ್ ಕೌಂಟಿಯ ಹೈನುಗಾರ, ರಿಪಬ್ಲಿಕನ್ ಸೆನೆಟರ್. ತನ್ನ ಹೊಲದ ಪಕ್ಕಕ್ಕೇ ಬಡಾವಣೆಗಳು ಬಂದು ನಿಲ್ಲುವುದನ್ನು ಕಂಡವರು. 1973ರ ಜನವರಿ 8ರಂದು ಶಾಸಕಾಂಗದ ಆರಂಭದ ಭಾಷಣದಲ್ಲಿ ಮೆಕಾಲ್ ಮೂರು ಪಿಡುಗುಗಳನ್ನು ಹೆಸರಿಟ್ಟು ಬೈದರು: ಪೂರ್ವದ ಕುರುಚಲು ಬಯಲಿನ ಸೈಟುಗಳು, ಕಡಲತೀರದ ಕಾಂಡೊ ಎಂಬ ವಸತಿ ಸಮುಚ್ಚಯಗಳು, ವಿಲಾಮೆಟ್ ಕಣಿವೆ ನುಂಗುವ ಉಪನಗರಗಳು.

ಮ್ಯಾಕ್‌ಫರ್ಸನ್ ಮುಂದಿಟ್ಟ ನೂರನೇ ಸಂಖ್ಯೆಯ ಸೆನೆಟ್ ಮಸೂದೆ ಮೊದಲ ರೂಪದಲ್ಲಿ ಪಾಸಾಗುತ್ತಿರಲಿಲ್ಲ. ಹಲವು ಕೌಂಟಿಗಳನ್ನು ಸೇರಿಸಿ ಪ್ರಾದೇಶಿಕ ಮಂಡಳಿ ಮಾಡುವ ಅಂಶಕ್ಕೆ ಕೌಂಟಿಗಳು ಮುನಿದವು. ಮಾಜಿ ಶಾಸಕ ಎಲ್.ಬಿ. ಡೇ ನೇತೃತ್ವದ ಗುಂಪು ಅದನ್ನು ಕಿತ್ತು, ಯೋಜನೆ ಮಾಡುವ ಕೆಲಸವನ್ನು ಸ್ಥಳೀಯರಿಗೇ ಬಿಟ್ಟು, ಗುರಿ ನಿಗದಿ ಮಾಡುವ ಅಧಿಕಾರವನ್ನು ಗವರ್ನರ್ ನೇಮಿಸುವ 7 ಜನರ ರಾಜ್ಯ ಆಯೋಗಕ್ಕೆ ಕೊಟ್ಟಿತು. ಮೇ 29ರಂದು ಸಹಿ. ಆಯೋಗ 1974ರ ಡಿಸೆಂಬರ್‌ನಲ್ಲಿ 14 ಗುರಿಗಳನ್ನು ಒಪ್ಪಿತು, ಮುಂದೆ ಅವು 19 ಆದವು. ಹದಿನಾಲ್ಕನೆಯದೇ ಪ್ರಸಿದ್ಧ: ಪ್ರತಿ ಊರಿನ ಸುತ್ತ ಬೆಳವಣಿಗೆಯ ಗಡಿಗೆರೆ. ಇಂಟೆಲ್ ಕೆಲಸಕ್ಕೆಂದು ಪೋರ್ಟ್‌ಲ್ಯಾಂಡ್ ಬಳಿಯ ಹಿಲ್ಸ್‌ಬರೋದಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ದಿನವೂ ನೋಡುತ್ತಾರೆ. ಊರಂಚಿಗೆ ಹೋದರೆ ಮನೆಗಳು ಕತ್ತರಿಸಿದ ಹಾಗೆ ನಿಂತುಬಿಡುತ್ತವೆ, ಆಚೆಗೆ ಬರೀ ಹೊಲ.

ಬಿಟ್ಟುಹೋದದ್ದು ಪರಿಹಾರ. ಸೈಟು ಮಾಡಲಾಗದೆ ಬೆಲೆ ಕಳೆದುಕೊಂಡ ಜಮೀನಿನವನಿಗೆ ಏನು ಎಂಬ ಪ್ರಶ್ನೆಗೆ 1973ರಲ್ಲಿ ಉತ್ತರ ಕೊಡಲಿಲ್ಲ. ಆ ಸಾಲ ಬಡ್ಡಿ ಸಮೇತ ಬಂತು: 2004ರಲ್ಲಿ ಮತದಾರರೇ ಪರಿಹಾರ ಕೊಡಿ ಇಲ್ಲವೇ ನಿಯಮ ಬಿಡಿ ಎಂಬ 37ನೇ ಪ್ರಸ್ತಾವ ಪಾಸು ಮಾಡಿದರು, 2007ರಲ್ಲಿ 49ನೆಯದು ಅದನ್ನು ಮೊಟಕುಗೊಳಿಸಿತು.

ಮೆಕಾಲ್ ಅವರನ್ನು ದೇವರು ಮಾಡುವವರಿಗೆ ಎರಡು ಮಾತು. ತೀರದ ವಿಷಯದಲ್ಲಿ ಅವರಿಗಿಂತ ಮೊದಲು ಎದ್ದವರು ಸ್ಟ್ರಾಬ್; ನೆಸ್ಟಕ್ಕಾ ಮರಳದಿಬ್ಬದ ಮೇಲೆ ಹೆದ್ದಾರಿ ಬೇಡ ಎಂದು ಸ್ಟ್ರಾಬ್ ಹೋರಾಡುತ್ತಿದ್ದಾಗ ಮೆಕಾಲ್ ಹೆದ್ದಾರಿಯವರ ಕಡೆಗೇ ವಾಲಿದ್ದರು. ಎರಡನೆಯದು, ಶಾಲೆಗಳ ಖರ್ಚನ್ನು ಆಸ್ತಿ ತೆರಿಗೆಯಿಂದ ಆದಾಯ ತೆರಿಗೆಯತ್ತ ಸರಿಸುವ ಯೋಜನೆ. ಇದು ನಿಜಕ್ಕೂ ಅವರದೇ, 'ಮೆಕಾಲ್ ಪ್ಲಾನ್' ಎಂದೇ ಹೆಸರು. 1973ರ ಮೇ 1ರಂದು ಮತದಾರರು ತಿರಸ್ಕರಿಸಿದರು, ಜಮೀನಿನ ಕಾನೂನಿಗೆ ಸಹಿ ಬೀಳುವ ನಾಲ್ಕು ವಾರ ಮೊದಲು. ಮರಳಿನಲ್ಲಿ ಗೆರೆ ತೋರಿಸಬಹುದು, ಬಾಟಲಿ ಎತ್ತಿ ಹಿಡಿಯಬಹುದು. ತೆರಿಗೆಯ ಕೋಷ್ಟಕವನ್ನು ಕ್ಯಾಮೆರಾ ಮುಂದೆ ಏನೆಂದು ತೋರಿಸುವುದು? 1978ರಲ್ಲಿ ಮತ್ತೆ ಗವರ್ನರ್ ಆಗಲು ಹೊರಟು ಪಕ್ಷದ ಪ್ರೈಮರಿಯಲ್ಲೇ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲೇ, ವಿಕ್ಟರ್ ಅತಿಯೇ ಎದುರು ಸೋತರು.

ಮಧ್ಯಮಮಾರ್ಗಿಯೇ? ಎರಡು ಕಡೆಯ ಬೇಡಿಕೆ ಕೂಡಿಸಿ ಎರಡರಿಂದ ಭಾಗಿಸುವವರು ಎಂಬ ಅರ್ಥದಲ್ಲಿ ಖಂಡಿತ ಅಲ್ಲ. ವ್ಯಾಪಾರಕ್ಕೆ ವಿರೋಧಿಯಲ್ಲ, ಸರ್ಕಾರಕ್ಕೂ ಹೆದರುವವರಲ್ಲ, ಎರಡೂ ಪಕ್ಷದ ಮತ ಬೇಕಿತ್ತು, ಅದನ್ನು ಪಡೆದರು. ಆ ಅರ್ಥದಲ್ಲಿ ಹೌದು.

1982ರಲ್ಲಿ ನೆಲಬಳಕೆಯ ಮೇಲಿನ ರಾಜ್ಯದ ಅಧಿಕಾರ ತೆಗೆದುಹಾಕುವ 6ನೇ ಪ್ರಸ್ತಾವ ಮತಕ್ಕೆ ಬಂತು. ಮೆಕಾಲ್ ಆಗ ಪ್ರಾಸ್ಟೇಟ್ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದರು, ಆದರೂ ಅದನ್ನು ಸೋಲಿಸಲು ಪ್ರಚಾರಕ್ಕೆ ಇಳಿದರು. ನವೆಂಬರ್‌ನಲ್ಲಿ ಪ್ರಸ್ತಾವ ಬಿತ್ತು. ಅವರು ತೀರಿಕೊಂಡದ್ದು 1983ರ ಜನವರಿ 8, ಮೂರು ಪಿಡುಗುಗಳನ್ನು ಬೈದ 1973ರ ಆ ಭಾಷಣಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ. ಪೋರ್ಟ್‌ಲ್ಯಾಂಡಿನಲ್ಲಿ ನದಿಗುಂಟ ಹೋಗುತ್ತಿದ್ದ ಹಾರ್ಬರ್ ಡ್ರೈವ್ ಎಂಬ ಹೆದ್ದಾರಿಯನ್ನು 1974ರಲ್ಲಿ ಮುಚ್ಚಿ ಪಾರ್ಕ್ ಮಾಡಿದರು. 1984ರಿಂದ ಅದಕ್ಕೆ ಅವರ ಹೆಸರಿದೆ.