ಪ್ರತಿಕ್ರಿಯೆ: 62ರಲ್ಲಿ ಗಣಿತ ಸಂಶೋಧನೆಗೆ ಇಳಿಯಬಹುದೇ?

ಸರ್, ಬ್ಯಾಂಕಿನಿಂದ ನಿವೃತ್ತರಾಗಿದ್ದೀರಿ, 62 ವರ್ಷ, ಪದವಿ ಇಲ್ಲದೆ ಗಣಿತದಲ್ಲಿ ಹೊಸದೇನಾದರೂ ಹುಡುಕಲು ಆಗುತ್ತದಾ, ಅದಕ್ಕೂ ವಸ್ತುಗಳ ಭೌತಶಾಸ್ತ್ರಕ್ಕೂ ನಂಟಿದೆಯಾ ಎಂದು ಕೇಳಿದ್ದೀರಿ. ಎರಡಕ್ಕೂ ಹೌದು.

ಇಂಗ್ಲೆಂಡಿನ ಡೇವಿಡ್ ಸ್ಮಿತ್ ಮುದ್ರಣ ಕೆಲಸದಿಂದ ನಿವೃತ್ತರಾದವರು. ಗಣಿತ ಅವರಿಗೆ ಬರೀ ಹವ್ಯಾಸ. 2022ರಲ್ಲಿ ಅವರಿಗೆ 13 ಬದಿಗಳ ಒಂದು ವಿಚಿತ್ರ ಆಕಾರ ಸಿಕ್ಕಿತು. ರಟ್ಟಿನಲ್ಲಿ ಕತ್ತರಿಸಿ, ಟೈಲ್ಸ್ ಹಾಕಿದ ಹಾಗೆ ಜೋಡಿಸುತ್ತಾ ಹೋದರು. ಎಲ್ಲೂ ಸಂದಿ ಬೀಳಲಿಲ್ಲ, ಆದರೆ ವಿನ್ಯಾಸ ಮರುಕಳಿಸುವ ಹಾಗೂ ಕಾಣಲಿಲ್ಲ. ಒಂದೇ ಆಕಾರದ ಬಿಲ್ಲೆಯಿಂದ ಇದು ಸಾಧ್ಯವೇ ಎಂದು ಗಣಿತಜ್ಞರು ದಶಕಗಳಿಂದ ಹುಡುಕುತ್ತಿದ್ದರು! ಸ್ಮಿತ್ ಕೆನಡಾದ ಪ್ರಾಧ್ಯಾಪಕ ಕ್ರೇಗ್ ಕಪ್ಲನ್‌ಗೆ ಬರೆದರು. ಇನ್ನಿಬ್ಬರು ಸೇರಿಕೊಂಡರು, 2023ರ ಮಾರ್ಚ್‌ನಲ್ಲಿ, ವಿನ್ಯಾಸ ಎಂದೂ ಮರುಕಳಿಸದು ಎಂಬುದರ ಗಣಿತದ ಪುರಾವೆ ಸಮೇತ ಪ್ರಬಂಧ ಹೊರಬಂತು. ಆಕಾರದ ಹೆಸರು 'ಹ್ಯಾಟ್'. (ನನಗಂತೂ ಅದು ಒಗೆದು ಹಾಕಿದ ಅಂಗಿಯಂತೆ ಕಾಣುತ್ತದೆ.)

ಭೌತಶಾಸ್ತ್ರದ ನಂಟು ಇಲ್ಲಿದೆ. ಸಾಮಾನ್ಯ ಹರಳಿನಲ್ಲಿ ಪರಮಾಣುಗಳ ಜೋಡಣೆ ಮರುಕಳಿಸುತ್ತದೆ. 1982ರಲ್ಲಿ ವಿಜ್ಞಾನಿ ಡ್ಯಾನ್ ಶೆಕ್ಟ್‌ಮನ್ ಅಲ್ಯುಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ, ಈ ಬಿಲ್ಲೆಗಳ ಹಾಗೆಯೇ, ಕ್ರಮವಿದ್ದೂ ಮರುಕಳಿಸದ ಜೋಡಣೆ ಕಂಡರು. ಮೊದಲು ಜಾಸ್ತಿ ಜನ ನಂಬಲಿಲ್ಲ. 2011ರಲ್ಲಿ ಅದಕ್ಕೇ ನೊಬೆಲ್ ಬಂತು.

ಲೋಹಕ್ಕೆ ಪ್ರಯೋಗಾಲಯ ಬೇಕು, ಬಿಲ್ಲೆಗೆ ರಟ್ಟು ಸಾಕು. ಆದರೆ ಪುರಾವೆಗೆ ಪಳಗಿದವರ ಜೊತೆ ಬೇಕು, ಅಲ್ವಾ? ಸ್ಮಿತ್ ಕೂಡ ಒಬ್ಬರೇ ಮಾಡಲಿಲ್ಲ. ಹ್ಯಾಟ್ ಮಾಡಿ ನೋಡಬೇಕೆಂದರೆ, ಸಮ ಷಟ್ಕೋನದ ಎದುರು ಬದಿಗಳ ಮಧ್ಯಬಿಂದುಗಳನ್ನು ಗೆರೆ ಎಳೆದು ಸೇರಿಸಿ, ಗಾಳಿಪಟದ ಆಕಾರದ ಆರು ತುಂಡು ಸಿಗುತ್ತವೆ. ಅಂಥ ಎಂಟು ಒಂದು ನಿರ್ದಿಷ್ಟ ರೀತಿಯಲ್ಲಿ ಸೇರಿದರೆ ಹ್ಯಾಟ್. ಮೂವತ್ತು ಬಿಲ್ಲೆ ಕತ್ತರಿಸಿ ಜೋಡಿಸಿ ನೋಡಿ. ಕೆಲವನ್ನು ಮಗುಚಿ ಇಡಬೇಕಾಗುತ್ತದೆ, ಗಾಬರಿಯಾಗಬೇಡಿ.